ಸಾಲ್ವೆಂಟ್ ಗೋಡೌನಿನ ಆಯುಧಪೂಜೆ

ವಡೋದರಾದ ಹೊರಗಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ವೆಂಕಟಾಚಲ ಅವರಿಗೆ ಒಂದು ಚಾಳಿ. ಯಾಕೆ ಅಂತ ಕೇಳದಿದ್ದರೆ ತಿಂದ ಅನ್ನ ಅರಗುವುದಿಲ್ಲ. ತುಮಕೂರು ಬಿಟ್ಟು ಅರ್ಧ ಆಯುಷ್ಯ ಇಲ್ಲೇ ಕಳೆದರೂ, ದಾಲಿಗೆ ಬೆಲ್ಲ ಯಾಕೆ ಹಾಕುತ್ತೀರಿ ಎಂದು ಎದುರುಮನೆಯವರನ್ನು ಪೀಡಿಸುವುದನ್ನು ಇನ್ನೂ ಬಿಟ್ಟಿಲ್ಲ. "ಸಾಕು ಬಿಡ್ರೀ ನಿಮ್ಮ ತನಿಖೆ, ಪಾಪ ಅವರು ಊಟ ಮಾಡ್ಲಿ" ಎಂದು ಹೆಂಡತಿ ವಿಮಲಾ ಎಷ್ಟು ಗದರಿದರೂ ಅಷ್ಟೇ.

ಆದರೆ ಅವರ ಸ್ಟೋರನ್ನು ಕಾಪಾಡಿದ್ದೂ ಆ ಚಾಳಿಯೇ. ಆಸಿಡ್ ಪಕ್ಕದಲ್ಲಿ ಕಾಸ್ಟಿಕ್ ಯಾಕೆ ಇಡಬಾರದು? ಡ್ರಮ್ಮಿನಿಂದ ಕ್ಯಾನಿಗೆ ಬಣ್ಣ ತೆಳುಮಾಡುವ ಟೊಲ್ಯೂಈನ್ ಬಗ್ಗಿಸುವಾಗ ಎರಡಕ್ಕೂ ತಂತಿ ಯಾಕೆ ಸಿಕ್ಕಿಸಬೇಕು? ಉತ್ತರ ಗಂಟಲಿನಲ್ಲಿ ಇಳಿಯುವ ತನಕ ಎದುರಿನವರ ಪ್ರಾಣ ತಿನ್ನುತ್ತಿದ್ದರು. ಇಳಿದ ಮೇಲೆ ಆ ನಿಯಮ ವೇದವಾಕ್ಯ. ಒಮ್ಮೆ ಸಾಕ್ಷಾತ್ ಮಾಲೀಕ ಮಂಥನ್‌ಭಾಯ್ ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಬಂದಾಗ, "ಫೋನ್ ಬಾಹರ್, ಶೇಠ್" ಎಂದು ಬಾಗಿಲಲ್ಲೇ ನಿಲ್ಲಿಸಿದ್ದರು. ಅದನ್ನು ಮಂಥನ್‌ಭಾಯ್ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಇಂಥ ಮನುಷ್ಯ ವರ್ಷಕ್ಕೊಂದು ದಿನ ಬೆಂಕಿಪೊಟ್ಟಣ ಹಿಡಿದು ಸಾಲ್ವೆಂಟ್ ಗೋಡೌನಿನೊಳಗೆ ಹೋಗುತ್ತಿದ್ದರು ಅಂದರೆ ನಂಬುತ್ತೀರಾ? ಪೆಟ್ರೋಲಿನ ಹಾಗೆ ಭಗ್ ಅಂತ ಹೊತ್ತಿಕೊಳ್ಳುವ ದ್ರವಗಳ ಡ್ರಮ್ಮುಗಳು ಇರುವ ಜಾಗ ಅದು! ಆಯುಧಪೂಜೆಯ ದಿನ ಅಲ್ಲಿ ನೆಲ ತೊಳೆದು, ರಂಗೋಲಿ ಬಿಟ್ಟು, ಟ್ರಾಲಿಗೆ, ತೂಕದ ಯಂತ್ರಕ್ಕೆ, ಕೊನೆಗೆ ಬೆಂಕಿ ಆರಿಸುವ ಸಿಲಿಂಡರಿಗೂ ಕುಂಕುಮ ಇಟ್ಟು, ನೆಲದ ಮೇಲೆ ದೀಪ ಹಚ್ಚುತ್ತಿದ್ದರು. ಪೂಜೆಯ ನಡುವೆ ದೀಪ ಆರಿದರೆ ಅಪಶಕುನ ಅಲ್ಲವೇ? ಅದಕ್ಕೆ ಎಕ್ಸಾಸ್ಟ್ ಫ್ಯಾನ್ ಬಂದ್, ಬಾಗಿಲೂ ಬಂದ್. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ. ಊರಿಗೆಲ್ಲ ಯಾಕೆ ಅನ್ನುವವರು ಈ ಒಂದು ವಿಷಯದಲ್ಲಿ ತಮ್ಮನ್ನು ತಾವು ಕೇಳಿಕೊಂಡಿರಲೇ ಇಲ್ಲ.

ಈ ವರ್ಷವೂ ಹಾಗೇ ನಡೆಯಿತು. ವಿಮಲಾ ಗೋಡೌನಿನಲ್ಲೇ ಕೂತು ಹೂವು ಬಿಡಿಸುತ್ತಿದ್ದರು. ಮೊಮ್ಮಗಳು ವರ್ಷಿಣಿ ರೇಷ್ಮೆ ಲಂಗ ಹರಡಿಕೊಂಡು ದೀಪದ ಮುಂದೆ ಕೂತು, "ಅಜ್ಜಾ, ನಾನೇ ಹಚ್ತೀನಿ, ಪ್ಲೀಸ್" ಎಂದು ಹಠ ಹಿಡಿದಿದ್ದಳು. ವೆಂಕಟಾಚಲ ಫ್ಯಾನ್ ನಿಲ್ಲಿಸಿ ಆಗಲೇ ಬಹಳ ಹೊತ್ತಾಗಿತ್ತು. ಮಗುವಿನ ಕೈ ಹಿಡಿದು ಹಚ್ಚಿಸೋಣ ಎಂದು ಕಡ್ಡಿ ತೆಗೆದರು.

ಧಡ್ ಅಂತ ಬಾಗಿಲು ತೆರೆಯಿತು. "ಅಂಕಲ್, ರುಕಿಯೇ! ಕಡ್ಡಿ ಗೀರ್ಬೇಡಿ!"

ಹೊಸದಾಗಿ ಬಂದಿದ್ದ ಸೇಫ್ಟಿ ಆಫೀಸರ್ ರಚನಾ ಅದು. ಅಪ್ಪ ದಾವಣಗೆರೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರು, ಹುಡುಗಿ ಬೆಳೆದದ್ದೆಲ್ಲ ಇಲ್ಲೇ. ನಿಂತುಹೋದ ಫ್ಯಾನ್ ಕಂಡು ಓಡಿ ಬಂದಿದ್ದಳು. ವೆಂಕಟಾಚಲ ಅವರಿಗೆ ಪಿತ್ತ ನೆತ್ತಿಗೇರಿತು.

"ಏನಮ್ಮಾ ಇದು ಶುಭಕಾರ್ಯದಲ್ಲಿ? ನೀನು ಹುಟ್ಟೋಕ್ ಮುಂಚಿಂದ ಇಲ್ಲಿ ದೀಪ ಹಚ್ತಾ ಇದೀನಿ. ಏನಾಗಿದೆ ಹೇಳು?"

ರಚನಾ ವಾದಕ್ಕೆ ನಿಲ್ಲಲಿಲ್ಲ. ಬೆಂಕಿಪೊಟ್ಟಣ ಕಸಿದುಕೊಂಡು ವಿಮಲಾ ಮತ್ತು ಮಗುವನ್ನು ಅಂಗಳದಾಚೆಗೆ ಕಳಿಸಿದಳು. ಹೊತ್ತಿಕೊಳ್ಳುವ ಆವಿ ಇದ್ದರೆ ಕೂಗುವ, ಕೈಯಲ್ಲಿದ್ದ ಗ್ಯಾಸ್ ಮೀಟರನ್ನು ವೆಂಕಟಾಚಲ ಅವರ ಎದೆಯ ಮಟ್ಟಕ್ಕೆ ಹಿಡಿದಳು. ಅದು ತುಟಿ ಬಿಚ್ಚಲಿಲ್ಲ.

"ನೋಡ್ದ್ಯಾ? ನಿನ್ನ ಯಂತ್ರಾನೇ ಸುಮ್ನಿದೆ!"

ಅವಳು ಬಗ್ಗಿ ಮೀಟರನ್ನು ದೀಪದ ಪಕ್ಕಕ್ಕೆ ಇಳಿಸಿದಳು. ಅದು ಕಿರ್ರೋ ಅಂತ ಅರಚತೊಡಗಿತು.

ವೆಂಕಟಾಚಲ ಅವರ ಸಿಟ್ಟು ಎಲ್ಲಿ ಹೋಯಿತೋ! ಕಣ್ಣು ಅಗಲವಾಯಿತು. "ಮೇಲೆ ಇಲ್ದಿದ್ದು ಕೆಳಗೆ ಯಾಕಮ್ಮಾ?"

"ಇದರ ಆವಿ ಗಾಳಿಗಿಂತ ಭಾರ, ಅಂಕಲ್. ನೆಲದ ಮೇಲೇ ಬೈಠ್ ಜಾತಾ ಹೈ. ಫ್ಯಾನ್ ಅದನ್ನೇ ಹೊರಗೆ ಎಳೀತಿತ್ತು. ಬನ್ನಿ, ಮೊದ್ಲು ಆಚೆ ಬನ್ನಿ."

ಹೊರಗೋಡೆಯ ಸ್ವಿಚ್ ಒತ್ತಿ ಫ್ಯಾನ್ ಹಾಕಿ, ಎರಡೂ ಬಾಗಿಲು ತೆರೆದು, ಗಾಳಿ ಆಡುವ ತನಕ ಕಾದರು. ಕಾಯುವಷ್ಟು ಹೊತ್ತೂ ವೆಂಕಟಾಚಲ ಚಡಪಡಿಸಿದರು. ಬಂದದ್ದು ಎಲ್ಲಿಂದ? ಹೋದ ವರ್ಷ ಯಾಕೆ ಏನೂ ಆಗಲಿಲ್ಲ? ಮೀಟರ್ ಸುಮ್ಮನಾದ ಮೇಲೆ ಅದನ್ನು ಇಸಕೊಂಡು ತಾವೇ ಒಳಗೆ ನಡೆದರು. ರಚನಾ ಬೆನ್ನಿಗೇ ಇದ್ದಳು. ಪಂಚೆ ಎತ್ತಿ ಕಟ್ಟಿ ಮಂಡಿಯೂರಿ, ಡ್ರಮ್ಮಿನಿಂದ ಡ್ರಮ್ಮಿಗೆ ಹಿಡಿಯುತ್ತ ಹೋದರು. ಮೂಲೆಯ ಟೊಲ್ಯೂಈನ್ ಡ್ರಮ್ಮಿನ ಬಳಿ ಅದು ಮತ್ತೆ ಅರಚಿತು.

ಆ ಡ್ರಮ್ಮಿನ ನಲ್ಲಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಚಂದ ಕಾಣುತ್ತದೆಂದು ಈ ವರ್ಷ ಮೊದಲ ಸಲ ಅವರೇ ಬೆಳಿಗ್ಗೆ ಹಾಕಿದ್ದು. ಹಾರದ ಭಾರಕ್ಕೆ ನಲ್ಲಿಯ ಹಿಡಿ ಕೂದಲೆಳೆಯಷ್ಟು ತಿರುಗಿತ್ತು. ದ್ರವ ತೊಟ್ಟಿಕ್ಕದೆ, ಸದ್ದಿಲ್ಲದೆ ಹೂವಿನ ಎಳೆ ಹಿಡಿದು ನೆಲಕ್ಕೆ ಇಳಿದಿತ್ತು. ಆ ವಾಸನೆಗೆ ಅವರ ಮೂಗು ಎಂದೋ ಒಗ್ಗಿಹೋಗಿತ್ತು. ನಲ್ಲಿ ಬಿಗಿ ಮಾಡಿ, ಒದ್ದೆ ಹಾರ ನೋಡುತ್ತ ಅಲ್ಲೇ ಕೂತರು.

"ನಿಜ ಹೇಳಮ್ಮಾ," ಅಂದರು ಕೊನೆಗೆ. "ಕಡ್ಡಿ ಗೀರಿದ್ದಿದ್ರೆ, ಮಗೂನ ಎತ್ಕೊಂಡು ಬಾಗಿಲ ತನಕ ಓಡೋಕಾಗ್ತಿತ್ತಾ?"

ರಚನಾ ಬಾಗಿಲ ಕಡೆ ನೋಡಿದಳು. "ಅಂಕಲ್... ಬಾಗಿಲು ನೀವೇ ಹಾಕಿದ್ರಲ್ಲಾ," ಎಂದಳು ಮೆಲ್ಲಗೆ.

ವೆಂಕಟಾಚಲ ಇನ್ನೇನೂ ಕೇಳಲಿಲ್ಲ. ಎದ್ದು ಅಂಗಳ ದಾಟಿ ಹೋಗಿ ವರ್ಷಿಣಿಯನ್ನು ಎತ್ತಿ ಎದೆಗೆ ಅವುಚಿಕೊಂಡರು. ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತರು.

"ಅಜ್ಜಾ, ಛೋಡೋ ನಾ, ನನ್ನ ಲಂಗ ಮುದುಡತ್ತೆ," ಎಂದು ಮಗು ಕೊಸರಾಡಿತು.

ಅವರು ಬಿಡಲಿಲ್ಲ. ಕಾರ್ಖಾನೆಯ ಗೇಟು ದಾಟಿ ರಸ್ತೆಗೆ ಬಂದ ಮೇಲೂ ಬಿಡಲಿಲ್ಲ.