ಎಡ್ಡಿಯ ಉತ್ತರ

ಮಕ್ಕಳೇ, ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ನಿಮ್ಮ ತಾತ ತೀರಿಕೊಂಡ ಮೇಲೆ ಒಮ್ಮೆಯಾದರೂ ಕರೆದಾರೇನೋ ಎಂದು ಎಷ್ಟೋ ದಿನ ಕಾದವಳು ನಾನು. ಏನೂ ಕೇಳಿಸಲಿಲ್ಲ. ಅಲ್ಲಿಗೆ ಅದೆಲ್ಲ ಸುಳ್ಳು ಎಂದುಕೊಂಡೆ. ಆದರೂ ನಾನು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ, ಲಿವರ್‌ಮೋರ್ ಊರಿನ ಒಂದು ಮಧ್ಯಾಹ್ನದ ಸಂಗತಿಯನ್ನು ನಿಮಗಾಗಿ ಬರೆದಿಡುತ್ತೇನೆ. ಬಾಯಲ್ಲಿ ಹೇಳಲು ನನಗೆ ಸಂಕೋಚ.

ಆಗ ಪಕ್ಕದ ಮನೆಯ ಹೆರಾಲ್ಡ್ ಅವರಿಗೆ ತೊಂಬತ್ತೈದು ದಾಟಿತ್ತು. ಮಗಳು ಲಿಂಡಾ ಅವರನ್ನು ನೋಡಿಕೊಳ್ಳುತ್ತಿದ್ದರು. ಹರೆಯದಲ್ಲಿ ಹೆರಾಲ್ಡ್ ಮಹಾಯುದ್ಧದ ಬಾಂಬರ್ ವಿಮಾನವೊಂದರ ಬಾಲದಲ್ಲಿ ಕೂತು ಗುಂಡು ಹಾರಿಸುವ ಗನ್ನರ್ ಆಗಿದ್ದರು. ನಮ್ಮ ಅನುಗೆ ಆಗ ಹತ್ತು ವರ್ಷ. ಬೇಸಿಗೆ ರಜೆಯಲ್ಲಿ ನನ್ನ ಜೊತೆ ಬಂದು ಅವರ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದಳು.

ಆ ವಿಮಾನ ಹಾರುವಷ್ಟು ಎತ್ತರದಲ್ಲಿ ಉಸಿರಾಡಲು ಗಾಳಿ ಸಾಲದು, ಎಲ್ಲರ ಮುಖಕ್ಕೂ ಆಕ್ಸಿಜನ್ ಕೊಳವೆ. ಯಾರಾದರೂ ಎಚ್ಚರ ತಪ್ಪಿದರೆ ತಿಳಿಯಲೆಂದು ಪೈಲಟ್ ಆಗಾಗ ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗುತ್ತಿದ್ದರಂತೆ. ಕೂಡಲೇ "ಓಕೆ" ಅನ್ನಬೇಕು. ಅನುಗೆ ಇದೇ ಆಟವಾಯಿತು. ಮಹಡಿಯಿಂದ "ಅಜ್ಜೀ?" ಎಂದು ಕೂಗಿದರೆ ನಾನು ಒಗ್ಗರಣೆ ಸೌಟು ಹಿಡಿದೇ "ಅಜ್ಜಿ ಓಕೆ!" ಅನ್ನಬೇಕು. ತಡವಾದರೆ "ಅಜ್ಜಿ, ಯು ಆರ್ ಡೆಡ್!" ಎಂದು ನಗುತ್ತಿದ್ದಳು.

ಒಂದು ದಿನ ಹೆರಾಲ್ಡ್ ತಮ್ಮ ಗೆಳೆಯ ಎಡ್ಡಿಯ ವಿಷಯ ಹೇಳಿದರು. ಅವನೂ ಅದೇ ವಿಮಾನದ ಗನ್ನರ್. ಕೂಗಿದಾಗ ತಡವಾಗಿ ಉತ್ತರ ಕೊಟ್ಟು ದಿನವೂ ಬೈಸಿಕೊಳ್ಳುತ್ತಿದ್ದ. ಒಂದು ಸಲ ಎರಡು ಬಾರಿ ಕೂಗಿದರೂ ಅವನ ಸದ್ದಿಲ್ಲ. ಮತ್ತೆ ಬೈಗುಳ ತಿನ್ನುತ್ತಾನಲ್ಲ ಎಂದು ಹೆರಾಲ್ಡ್ ಅವನದೇ ದನಿ ಅನುಕರಿಸಿ, "ಎಡ್ಡಿ, ಓಕೆ" ಅಂದುಬಿಟ್ಟರು. ಹಾಗಾಗಿ ಯಾರೂ ಹೋಗಿ ನೋಡಲಿಲ್ಲ. ಎಡ್ಡಿಯ ಕೊಳವೆ ಹಿಮಗಟ್ಟಿ ಅವನ ಉಸಿರು ನಿಂತಿತ್ತು.

ಯುದ್ಧ ಮುಗಿದು ಊರಿಗೆ ಬಂದ ಮೇಲೆ ಅವರು ಎಡ್ಡಿಯ ತಾಯಿಯನ್ನು ಕಾಣಲು ಹೋದರಂತೆ. ಆಕೆ ಮಗನ ತಟ್ಟೆಯಲ್ಲೇ ಊಟ ಬಡಿಸಿದರಂತೆ. ನಿಜ ಹೇಳಲಾಗದೆ ಇವರು ಉಂಡು ಎದ್ದು ಬಂದರು. ಅನು ಅಲ್ಲಿಗೆ ನಿಲ್ಲಿಸಿದಳು. "ಅಜ್ಜಿ, ಹಿ ಈಸ್ ಕ್ರೈಯಿಂಗ್. ನಾನ್ ಇನ್ನು ಹೇಳಲ್ಲ."

ಮುಂದಿನ ವಾರ ಲಿಂಡಾ ಗ್ರೋಸರಿ ತರಲು ಹೊರಟಾಗ ನಾನು ಹೆರಾಲ್ಡ್ ಅವರ ಜೊತೆಗಿದ್ದೆ. ಅನು ಈಜು ಕ್ಲಾಸಿಗೆ ಹೋಗಿದ್ದಳು. ಅವರು ಕೋಣೆಯಲ್ಲಿ ಮಲಗಿದ್ದರು. ನಾನು ಅಡುಗೆಮನೆಯಲ್ಲಿ ಅವರ ಹಲ್ಲಿನ ಸೆಟ್ಟು ತೊಳೆಯುತ್ತಿದ್ದೆ. ಅವರ ಕೋಣೆಯ ಸದ್ದು ಕೇಳಿಸಲೆಂದು ಲಿಂಡಾ ಅಲ್ಲೊಂದು ಪುಟ್ಟ ಸ್ಪೀಕರ್ ಇಟ್ಟಿದ್ದರು. ಅದರಿಂದ "ಎಡ್ಡಿ?" ಎಂದು ಕೇಳಿಸಿತು. ಹಲ್ಲಿಲ್ಲದ ಬಾಯಿಯ ತೊದಲು ದನಿ. ಕನವರಿಸುತ್ತಿದ್ದಾರೆ ಎಂದುಕೊಂಡೆ. ಮತ್ತೆ "ಎಡ್ಡಿ?" ಎಂದರು. ಮೂರನೆಯ ಸಲ ಕರೆದಾಗ ದನಿಯಲ್ಲಿ ಅಳು ಬಂದಿತ್ತು.

"ಎಡ್ಡಿ, ಓಕೆ."

ಸ್ಪಷ್ಟವಾದ, ಎಳೆಯ ಗಂಡು ದನಿ. ಆ ಮಾತಿನ ಜೊತೆಜೊತೆಗೇ ಮುದುಕರ ಬಿಕ್ಕೂ ಕೇಳಿಸುತ್ತಿತ್ತು. ಹಲ್ಲಿನ ಸೆಟ್ಟು ನನ್ನ ಕೈಯಲ್ಲೇ ಇತ್ತು.

ಓಡಿಹೋದೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಟೀವಿ ಇಲ್ಲ, ಫೋನಿಲ್ಲ. ಅವರು ನನ್ನ ಮಣಿಕಟ್ಟು ಹಿಡಿದು, ಕೇಳಿಸಿತೇ ಎಂದರು. ತಲೆಯಾಡಿಸಿದೆ. ಆಮೇಲೆ ನನಗೆ ಅರ್ಥವಾಗಲೆಂದು ನಿಧಾನವಾಗಿ ಕೇಳಿದರು: "ವಾಸ್ ಇಟ್ ಮಿ?"

"ನೋ," ಅಂದೆ. "ನಾಟ್ ಯು."

ಅವರು ಕೈ ಬಿಟ್ಟು ಕಣ್ಣು ಮುಚ್ಚಿದರು. ಲಿಂಡಾ ಬಂದರೂ ಏಳದಷ್ಟು ಗಾಢ ನಿದ್ದೆ. ಆ ಚಳಿಗಾಲದಲ್ಲಿ ಹೆರಾಲ್ಡ್ ತೀರಿಕೊಂಡರು.

ಅಂಥ ಸ್ಪೀಕರ್ ಯಂತ್ರಗಳು ಬೇರೆ ಮನೆಯ ಮಾತನ್ನೂ ಹಿಡಿಯುತ್ತವೆ ಎಂದು ನನ್ನ ಅಳಿಯ ಹೇಳುತ್ತಾರೆ. ಇರಬಹುದು. ಮುದುಕರನ್ನು ಸಮಾಧಾನ ಮಾಡಲು ಹಾಗಂದೆ ಎಂದು ಅನು ಈಗಲೂ ಅನ್ನುತ್ತಾಳೆ. ಸಮಾಧಾನಕ್ಕೆಂದು ಸುಳ್ಳು ಕಟ್ಟುವಷ್ಟು ಇಂಗ್ಲಿಷು ನನಗೆ ಬರುತ್ತಿರಲಿಲ್ಲ, ಮಗಳೇ. ಕೇಳಿಸಿದ್ದನ್ನು ಹೇಳಿದೆ. ಆ ದನಿ ಯಾರದೆಂದು ಇಂದಿಗೂ ತಿಳಿಯದು. ಹೆರಾಲ್ಡ್ ಅವರದಲ್ಲ, ಅಷ್ಟು ಗೊತ್ತು.