ಕಾಲು ಮುರಿದ ಮರದ ಕಾಯಿ ಹುಡುಕುತ್ತ

ಬೆಳಗಿನ ಆರು ಗಂಟೆ. ದಕ್ಷಿಣ ವೇಲ್ಸ್‌ನ ಕುಮ್ಹೆಲಿಗ್ ಊರಿನಲ್ಲಿ ಕಲ್ಲಿದ್ದಲು ಗಣಿ ಮುಚ್ಚಿ ನಲವತ್ತು ವರ್ಷವಾದರೂ, ಅದು ಹೊರಹಾಕಿದ ಕಲ್ಲುಮಣ್ಣಿನ ಕಪ್ಪು ಗುಡ್ಡ ಊರಿನ ನೆತ್ತಿಯ ಮೇಲೆ ಹಾಗೇ ಕೂತಿದೆ. ಅದರ ಇಳಿಜಾರಿನಲ್ಲಿ ಹಳೆಯ ಬಣ್ಣದ ಡಬ್ಬಿಯನ್ನು ಬೋರಲು ಹಾಕಿಕೊಂಡು ಟ್ಯೂಡರ್ ಬೈನನ್ ಕೂತಿದ್ದಾರೆ. ಎಡಗಾಲು ಮಡಚುವುದಿಲ್ಲ, ಮುಂದಕ್ಕೆ ಚಾಚಿಕೊಂಡಿದ್ದಾರೆ. ತೊಡೆಯ ಮೇಲಿನ ಶೇಲ್ ಕಲ್ಲಿನ ಅಂಚಿಗೆ ಅಗಲ ಉಳಿಯಿಟ್ಟು ಮೂರು ಸಲ ಮೆಲ್ಲಗೆ ತಟ್ಟುತ್ತಾರೆ. ಕಲ್ಲು ಪದರ ಬಿಟ್ಟು ಎರಡಾಗುತ್ತದೆ. ಒಳಗೆ ಜರಿಗಿಡದ ಎಲೆಯ ಅಚ್ಚು, ನಿನ್ನೆ ಇಸ್ತ್ರಿ ಮಾಡಿಟ್ಟಂತಿದೆ.

"ಚೆನ್ನಾಗಿದೆ. ಆದ್ರೆ ಇಂಥವು ಇನ್ನೂರಿವೆ ನನ್ನತ್ರ," ಎಂದು ನನಗೆ ತೋರಿಸಿ ಪಕ್ಕಕ್ಕಿಡುತ್ತಾರೆ.

ಎಪ್ಪತ್ತೈದರ ಟ್ಯೂಡರ್ ಇದೇ ಗಣಿಯಲ್ಲಿ ಹನ್ನೆರಡು ವರ್ಷ ಕಲ್ಲಿದ್ದಲು ಕಡಿದವರು. 1979ರಲ್ಲಿ ಒಂದು ದಿನ ಸುರಂಗದ ಸೂರಿನಿಂದ ಮರದ ಬುಡವೊಂದು ಕಳಚಿ ಅವರ ಮೊಣಕಾಲಿನ ಮೇಲೆ ಬಿತ್ತು. ಯಾವ ಕಾಲದಲ್ಲೋ ಕಲ್ಲಾಗಿಹೋದ ಮರ. ಗಣಿಯವರು ಅದನ್ನು 'ಗಂಟೆ' ಅನ್ನುತ್ತಾರೆ. ಆಕಾರ ಹಾಗಿದೆ, ನಿಜ. ಆದರೆ ಬೀಳುವ ಮುನ್ನ ಸದ್ದು ಮಾತ್ರ ಮಾಡುವುದಿಲ್ಲ.

"ಮೂವತ್ತು ಕೋಟಿ ವರ್ಷ ನೆಟ್ಟಗೆ ನಿಂತಿದ್ದ ಮರ. ನಾನು ಬ್ರೆಡ್ಡು ತಿನ್ನೋಕೆ ಕೂತಾಗ್ಲೇ ಬೀಳ್ಬೇಕಾ, ನೀವೇ ಹೇಳಿ? ಆಸ್ಪತ್ರೇಲಿ ಮಲಗಿದ್ದಾಗ ಅನ್ನಿಸ್ತು, ಯಾರಪ್ಪಾ ನೀನು, ಒಂದ್ಸಲ ಪೂರ್ತಿ ನೋಡೇಬಿಡ್ತೀನಿ ಅಂತ."

ಕೋಲೂರಿ ನಡೆಯುವಂತಾದ ವಾರವೇ ಗುಡ್ಡ ಹತ್ತಿದರು. ಆಮೇಲೆ ಗುಡ್ಡದ ಬುಡದಲ್ಲೇ ಇರುವ ಶಾಲೆಯಲ್ಲಿ ಜವಾನರಾದರು. ಈ ಹವ್ಯಾಸ ಬಿಡಲಿಲ್ಲ. ದಿನಕ್ಕೆ ಎರಡು ಗಂಟೆ, ಸುಮಾರು ಅರವತ್ತು ಕಲ್ಲು. ಅದರಲ್ಲಿ ಏನಾದರೂ ಇರುವುದು ಮೂರೋ ನಾಲ್ಕೋ. ಹಿತ್ತಲ ಶೆಡ್ಡಿನಲ್ಲಿ ಆರಿಸಿಟ್ಟ 1,140 ಪಳೆಯುಳಿಕೆಗಳಿವೆ. ಪ್ರತಿಯೊಂದರ ಬೆನ್ನಿಗೂ ಬಿಳಿ ಬಣ್ಣದ ಚುಕ್ಕೆ, ಅದರ ಮೇಲೆ ಸಂಖ್ಯೆ. ತಮ್ಮ ಕಾಲು ಮುರಿದ ಆ ಜಾತಿಯ ಮರದ ತೊಗಟೆ, ಬೇರು, ಎಲೆ ಎಲ್ಲ ಸಿಕ್ಕಿವೆ. ಪೈನ್ ಮರದ ಕಾಯಿಯಂಥ ಗೇಣುದ್ದದ ಕಾಯಿ ಮಾತ್ರ ಸಿಕ್ಕಿಲ್ಲ. "ಅದೊಂದು ಸಿಕ್ರೆ ಮರ ಪೂರ್ತಿಯಾಯ್ತು," ಎನ್ನುತ್ತಾರೆ.

ಉಳಿಗೆ ಬಗ್ಗದ ಉಂಡೆಗಲ್ಲುಗಳನ್ನು ನೀರಲ್ಲಿ ನೆನೆಸಿ ಮನೆಯ ಫ್ರೀಜರಿಗೆ ಹಾಕುತ್ತಾರೆ. ಹೊರತೆಗೆದು ಬಿಸಿನೀರು ಹೊಯ್ದರೆ, ನಾಲ್ಕಾರು ಸಲಕ್ಕೆ ತಾವೇ ಬಿರಿಯುತ್ತವೆ. ಹೆಂಡತಿ ಐರ್ವೆನ್ ಅವರದು ಇದಕ್ಕೊಂದು ತಕರಾರು.

"ಮೊನ್ನೆ ನನ್ ತಂಗಿ ಬಟಾಣಿ ಅಂತ ತೆಗೆಯೋಕೆ ಹೋಗಿ ಕಾಲ್ಮೇಲೆ ಕಲ್ಲು ಹಾಕ್ಕೊಂಡ್ಳು. ಈ ಮನೇಲಿ ಒಂದು ಕಾಲು ಹೋಗಿದ್ದು ಸಾಲ್ದಾ ನಿಮ್ಗೆ?"

"ಬಟಾಣಿ ಅಷ್ಟು ಭಾರ ಇರಲ್ಲ ಅಂತ ಗೊತ್ತಾಗ್ಬೇಡ್ವೇನೇ ಅವಳಿಗೆ?"

ಕಳೆದ ಚಳಿಗಾಲದ ಮಳೆಗೆ ಗುಡ್ಡದ ಪೂರ್ವದ ಬದಿ ಎರಡು ಮಾರು ಜಾರಿತು. 1966ರಲ್ಲಿ ಇಂಥದೇ ಗುಡ್ಡವೊಂದು ಶಾಲೆಯ ಮೇಲೆ ಜಾರಿ ನೂರಕ್ಕೂ ಹೆಚ್ಚು ಮಕ್ಕಳು ಸತ್ತ ಈ ಕಣಿವೆಗಳಲ್ಲಿ ಅದರ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಗುಡ್ಡವನ್ನು ತಗ್ಗಿಸಿ, ಮಣ್ಣು ಹೊದಿಸಿ, ಹುಲ್ಲು ಬಿತ್ತುವ ಕೆಲಸ ಇವತ್ತೇ ಶುರು. ಹೋದ ತಿಂಗಳು ವಸ್ತುಸಂಗ್ರಹಾಲಯದ ಹೆಣ್ಣುಮಗಳೊಬ್ಬಳು, ಪೂರ್ವದ ಇಳಿಜಾರನ್ನಾದರೂ ಪಳೆಯುಳಿಕೆಗಳಿಗಾಗಿ ತೆರೆದಿಡಿ ಎಂದು ಅರ್ಜಿ ಬರೆದು ತಂದಿದ್ದಳು. ಟ್ಯೂಡರ್ ಅವಳಿಗೆ ಚಹಾ ಕೊಟ್ಟರು, ಮೂರು ಗಂಟೆ ಶೆಡ್ಡು ತೋರಿಸಿದರು, ಸಹಿ ಹಾಕದೆ ಕಾಗದ ಮರಳಿಸಿದರು.

"ಅದರ ನೇರ ಕೆಳಗೆ ಶಾಲೆ ಇದೆ. ಜೋರು ಮಳೆ ಬಂದಾಗೆಲ್ಲ ಕಿಟಕಿ ಒರೆಸೋ ನೆಪದಲ್ಲಿ ಗುಡ್ಡ ನೋಡ್ತಾ ನಿಂತಿರ್ತಿದ್ದೆ. ಈಗ ನನ್ನ ಆಸೆಗೋಸ್ಕರ ಅದನ್ನ ಹಾಗೇ ಬಿಡಿ ಅನ್ನೋಕಾಗುತ್ತಾ?"

ಏಳೂವರೆಗೆ ಅಗೆಯುವ ಯಂತ್ರ ಗುಡುಗುಡು ಹತ್ತಿ ಬರುತ್ತದೆ. ಚಾಲಕ ಡೆಲ್ವಿನ್ ತಲೆ ಹೊರಹಾಕುತ್ತಾನೆ.

"ಸಿಕ್ತಾ ಯಜಮಾನ್ರೇ, ನಿಮ್ ಕಾಯಿ?"

"ಇಲ್ಲಯ್ಯಾ."

"ಬೇಕಿದ್ರೆ ಅರ್ಧ ಗಂಟೆ ಟೀ ಕುಡೀತಾ ಕೂತಿರ್ತೀನಿ. ಮೇಸ್ತ್ರಿ ಇನ್ನೂ ಬಂದಿಲ್ಲ."

ಟ್ಯೂಡರ್ ಕೈಯಲ್ಲಿದ್ದ, ಇನ್ನೂ ಒಡೆಯದ ಕಲ್ಲನ್ನು ಒಮ್ಮೆ ತಿರುಗಿಸಿ ನೋಡುತ್ತಾರೆ. ಆಮೇಲೆ ಮೋಡ ನೋಡುತ್ತಾರೆ.

"ಟೀ ಆಮೇಲೆ ಕುಡಿಯುವಂತೆ. ಮೇಲ್ಗಡೆ ಬಲಕ್ಕೆ ನೀರು ಜಿನುಗ್ತಾ ಇದೆ. ಅಲ್ಲಿಂದ ಶುರು ಮಾಡು."

ಕಲ್ಲನ್ನು ಅಲ್ಲೇ ಕೆಳಗಿಟ್ಟು, ಡಬ್ಬಿ ಹಿಡಿದು ಕುಂಟುತ್ತ ಇಳಿಯುತ್ತಾರೆ. ಇನ್ನೇನು ಆಸೆಯಿದೆ ಎಂದು ಕೇಳುತ್ತೇನೆ. ಶಾಲೆಯ ಬೇಲಿ ತಲುಪಿ ಗುಡ್ಡದ ಕಡೆ ತಿರುಗುತ್ತಾರೆ.

"ಹುಲ್ಲು ಬೇಗ ಬೇರು ಬಿಡ್ಲಿ. ಅಷ್ಟೇ."