ಅರ್ಧಕ್ಕೆ ಬಿಟ್ಟವರ ಕಂತೆ

ಜೈಲಿನ ಕಚೇರಿಯಲ್ಲಿ ಅಂಕಿಅಂಶ ನೋಡಿಕೊಳ್ಳುತ್ತಿದ್ದ ಅವಳನ್ನು ಎಲ್ಲರೂ ಅಂಕಿ ಅಕ್ಕ ಎನ್ನುತ್ತಿದ್ದರು. ಗಂಡ ಮೊದಲ ಸಲ "ನೀನಂದ್ರೆ ತುಂಬಾ ಇಷ್ಟ" ಅಂದಾಗಲೂ "ಯಾರಿಗೆ ಹೋಲಿಸಿದ್ರೆ?" ಎಂದು ಕೇಳಿದವಳು. ಆ ಮನುಷ್ಯ ಇನ್ನೂ ಉತ್ತರ ಹುಡುಕುತ್ತಿದ್ದಾನೆ.

ಈ ಸಲ ಅವಳ ಮೇಜಿಗೆ ಬಂದದ್ದು ಕಠಿಣ ಪ್ರಶ್ನೆ. ಲೈಂಗಿಕ ಅಪರಾಧಿಗಳಿಗೆ ಒಳಗೆ ನಡೆಸುವ ಚಿಕಿತ್ಸೆಯ ತರಗತಿಯಿಂದ ಏನಾದರೂ ಉಪಯೋಗವಿದೆಯೇ? ಬಿಡುಗಡೆಯಾಗಿ ಐದು ವರ್ಷ ಕಳೆದವರ ಕಡತ ತೆಗೆದಳು. ಮತ್ತೆ ಅದೇ ತಪ್ಪು ಮಾಡಿ ಸಿಕ್ಕಿಬಿದ್ದವರು, ತರಗತಿ ಮುಗಿಸಿದವರಲ್ಲಿ ನೂರಕ್ಕೆ ಆರು, ಸೇರದೇ ಇದ್ದವರಲ್ಲಿ ಹದಿಮೂರು. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು.

ಅವಳೂ ಹಿಗ್ಗಿದಳು. ಕಾರಣ ಕಚೇರಿಗೆಲ್ಲ ಗೊತ್ತು, ಬಾಯಿ ಬಿಟ್ಟವರಿಲ್ಲ. ಅವಳ ಸ್ವಂತ ತಮ್ಮ ಬೇರೊಂದು ಜೈಲಿನಲ್ಲಿ ಅದೇ ತರಗತಿ ಮುಗಿಸಿ, ಬಿಡುಗಡೆಯಾಗಿ ದೂರದ ಊರಿನ ಒಂಟಿ ಕೋಣೆಯಲ್ಲಿದ್ದ. ಅವನ ಕೇರಂ ಬೋರ್ಡು ಒಂಬತ್ತು ವರ್ಷದಿಂದ ಇವಳ ಅಟ್ಟದ ಮೇಲೆ. ಮನೆಯಲ್ಲಿ ಹನ್ನೆರಡು ವರ್ಷದ ಮಗಳು, ಪುಟ್ಟಿ. ಆರು ಅಂದರೆ ಸಣ್ಣ ಸಂಖ್ಯೆ. ಅವನನ್ನು ಮನೆಗೆ ಕರೆಯಬಹುದೇನೋ.

ಆಗ ಬೀರುವಿನ ತಳದಲ್ಲಿ ಇನ್ನೊಂದು ಕಂತೆ ಸಿಕ್ಕಿತು: ತರಗತಿಯನ್ನು ಅರ್ಧಕ್ಕೆ ಬಿಟ್ಟವರದು.

"ಸಾರ್, ಇವ್ರನ್ನ ಎಲ್ಲಿ ಸೇರಿಸಿದೀರಿ?"

"ಎಲ್ಲೂ ಇಲ್ಲಮ್ಮ. ಅವ್ರು ಮುಗಿಸ್ಲೇ ಇಲ್ವಲ್ಲ."

"ಪರೀಕ್ಷೆಯಿಂದ ಎದ್ದು ಹೋದವ್ರನ್ನ ಬಿಟ್ಟು ಎಣಿಸಿದ್ರೆ ನನ್ನ ಮಗಳ ಶಾಲೇಲೂ ಎಲ್ಲರೂ ಪಾಸು, ಸಾರ್."

ಸೇರಿಸಿ ಎಣಿಸಿದಳು. ಆರು ಹೋಗಿ ಹನ್ನೊಂದಾಯಿತು. ಹನ್ನೊಂದಕ್ಕೂ ಹದಿಮೂರಕ್ಕೂ ಏನು ಮಹಾ ಅಂತರ? ಮುಗಿಸಿದವರನ್ನು ತರಗತಿ ತಿದ್ದಿತೋ, ತಿದ್ದಿಕೊಳ್ಳಬೇಕು ಅಂದವರೇ ಕೊನೆತನಕ ಕೂತರೋ, ಅದೂ ತಿಳಿಯದು. ತನ್ನ ತಮ್ಮ ಮತ್ತೆ ತಪ್ಪು ಮಾಡುವವರಲ್ಲಿ ಒಬ್ಬನೋ ಅಲ್ಲವೋ ಎಂದು ಯಾವ ಕಡತವೂ ಬಾಯಿ ಬಿಡಲಿಲ್ಲ. ವರದಿಯಲ್ಲಿ "ಖಚಿತವಾಗಿ ಹೇಳಲಾಗದು" ಎಂದು ಬರೆದು ಸಹಿ ಹಾಕಿದಳು. ಸಾಹೇಬರು ಎರಡು ದಿನ ಮಾತು ಬಿಟ್ಟರು.

ಸಹಿ ಹಾಕಿದ ದಿನವೇ ಸಂಜೆ ತಮ್ಮನ ಫೋನು.

"ಅಕ್ಕಾ, ನೀ ಹೇಳಿದ್ದ ರಿಪೋರ್ಟು ಆಯ್ತಾ? ಬರ್ಲಾ ನಾನು?"

"ಬೇಡ ಕಣೋ. ಭಾನುವಾರ ನಾನೇ ಬರ್ತೀನಿ."

"ಪುಟ್ಟೀನೂ ಬರ್ತಾಳಾ?"

"ಇಲ್ಲ."

"ನೀನು ಎಣಿಸಿದ್ಮೇಲೆ ಸರಿಯಾಗೇ ಇರುತ್ತೆ ಬಿಡು" ಅಂದ.

ಭಾನುವಾರ ಕೇರಂ ಬೋರ್ಡಿನ ಧೂಳು ಒರೆಸಿ, ಕಾಯಿಗಳನ್ನು ಎರಡು ಸಲ ಎಣಿಸಿ ಚೀಲಕ್ಕೆ ಹಾಕಿ ಬಸ್ಸು ಹತ್ತಿದಳು. ಬೋರ್ಡು ಒಂದು ಸೀಟು ಪೂರ್ತಿ ಹಿಡಿಯಿತು.

"ಇದಕ್ಕೂ ಟಿಕೆಟ್ ಆಗುತ್ತಮ್ಮ," ಕಂಡಕ್ಟರ್ ಅಂದ. "ಹೋಗಿ ಬರೋದಕ್ಕೆ ಕೊಡ್ಲಾ?"

"ನನಗೆ ಹೋಗಿ ಬರೋದಕ್ಕೆ ಕೊಡಿ," ಅಂದಳು. "ಇದಕ್ಕೆ ಹೋಗೋದಕ್ಕೆ ಮಾತ್ರ."